ನಲವತ್ತೊಂದನ್ನು ಕಟ್ಟಿಕೊಂಡು ಕತ್ತಲಾಗದ ಊರಿಗೆ

ಹಲಸೂರು

ಫಿನ್ಲೆಂಡಿಗೆ ಹೋಗಿ ಬಂದೆ ಅಂದ ತಕ್ಷಣ ಹಲಸೂರಿನ ನಮ್ಮ ಬೀದಿಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಮಗಳ ಬಾಣಂತನಕ್ಕಾ?" ನನಗೆ ಮಗಳೂ ಇಲ್ಲ, ಫಿನ್ಲೆಂಡಿನಲ್ಲಿ ನೆಂಟರೂ ಇಲ್ಲ. ಒಂದು ಪುಡಿ ತೆಗೆದುಕೊಂಡು ಹೋಗಿದ್ದೆ ಅಂದರೆ ಇನ್ನೊಂದು ಥರ ನೋಡುತ್ತಾರೆ. ಹಾಗಾಗಿ ಮೊದಲು ಪುಡಿಯ ವಿಷಯ ಹೇಳಿಬಿಡುತ್ತೇನೆ.

ನನ್ನ ಹೆಸರು ಯಶೋಧಾ. ದೊಡ್ಡನೆಕ್ಕುಂದಿಯ ಒಂದು ಚಿಕ್ಕ ಸಂಶೋಧನಾ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಮಿಸ್ಟ್. ನಮ್ಮ ಮೈಯ ಜೀವಕೋಶಗಳ ಒಳಗೆಲ್ಲ ಥಯೋಲ್ ಅನ್ನುವ, ಗಂಧಕ ಸೇರಿದ ಅಣುಗಳಿರುತ್ತವೆ. ಕೋಶಕ್ಕೆ ಬಂದ ಕೇಡನ್ನು ತಮ್ಮ ಮೈಮೇಲೆ ಹಾಕಿಕೊಂಡು ಅದನ್ನು ಕಾಪಾಡುವುದು ಅವುಗಳ ಕೆಲಸ. ಅವು ಕಡಿಮೆಯಾದವು ಅಂದರೆ ಕೋಶಕ್ಕೆ ಏನೋ ಕಷ್ಟ ಬಂದಿದೆ ಅಂತ ಲೆಕ್ಕ. ಆದರೆ ಬದುಕಿರುವ ಕೋಶದೊಳಗೆ ಅವನ್ನು ಕಣ್ಣಿಂದ ನೋಡುವುದು ಹೇಗೆ? ಅದಕ್ಕೆ ಪ್ರೋಬ್ ಬೇಕು. ಪ್ರೋಬ್ ಅಂದರೆ ಮುಚ್ಚಳ ಹಾಕಿದ ದೀಪ. ಕೋಶದ ಒಳಕ್ಕೆ ಹೋದಾಗ ಥಯೋಲ್ ಬಂದು ಆ ಮುಚ್ಚಳವನ್ನು ಕಿತ್ತುಹಾಕುತ್ತದೆ, ದೀಪ ಹಸಿರಾಗಿ ಹೊಳೆಯುತ್ತದೆ. ಆ ಮುಚ್ಚಳ ಸರಿಯಾಗಿ ಕೂರುವುದಕ್ಕೆ ನನಗೆ ನಾಲ್ಕು ವರ್ಷ ಹಿಡಿಯಿತು. ನಲವತ್ತು ಪುಡಿ ಕೆಟ್ಟವು, ನಲವತ್ತೊಂದನೆಯದು ನೆಟ್ಟಗಾಯಿತು. ಲ್ಯಾಬಿನಲ್ಲಿ ಎಲ್ಲರೂ ಅದನ್ನು ನಲವತ್ತೊಂದು ಅಂತಲೇ ಕರೆಯುತ್ತೇವೆ.

ನಾನು ಪುಡಿ ಮಾಡುವವಳು. ಅದನ್ನು ಕೋಶಗಳಿಗೆ ಹಾಕಿ ಚಿತ್ರ ತೆಗೆಯುವವಳು ಶಬೀನಾ. ಶಿವಾಜಿನಗರದ ಹುಡುಗಿ, ನನಗಿಂತ ಹದಿನೈದು ವರ್ಷ ಚಿಕ್ಕವಳು. ಅಂಗೈಯಲ್ಲಿ ಹಿಡಿಸುವಂಥ, ಗಾಜಿನ ತಳದ ಪುಟ್ಟ ತಟ್ಟೆಗಳಲ್ಲಿ ಕೋಶಗಳನ್ನು ಸಾಕುತ್ತಾಳೆ. ಆ ತಟ್ಟೆಗೆ ನಾವು ಡಿಶ್ ಅನ್ನುತ್ತೇವೆ. ಒಂದು ಡಿಶ್ ಹೊಳೆದರೆ ಸಾಲದು. ಥಯೋಲ್ ಇಲ್ಲದ ಕಡೆ ಹೊಳೆಯುವುದಿಲ್ಲ ಅಂತಲೂ ತೋರಿಸಬೇಕು. ಅದಕ್ಕೆ ಇನ್ನೊಂದು ಡಿಶ್‌ಗೆ ಮೊದಲೇ ಬ್ಲಾಕರ್ ಎಂಬ ರಾಸಾಯನಿಕ ಹಾಕಿ, ಕೋಶದ ಥಯೋಲುಗಳನ್ನೆಲ್ಲ ಕಟ್ಟಿಹಾಕಿ, ಆಮೇಲೆ ನಲವತ್ತೊಂದನ್ನು ಹಾಕುತ್ತೇವೆ. ಆ ಡಿಶ್ ಕತ್ತಲಾಗಿರಬೇಕು. ಶಬೀನಾಳ ಡಿಶ್ ಮಾತ್ರ ಪೂರ್ತಿ ಕತ್ತಲಾಗುತ್ತಿರಲಿಲ್ಲ. ಅಲ್ಲಲ್ಲಿ ಸಣ್ಣ ಹಸಿರು ಚುಕ್ಕಿಗಳು ಮಿನುಗುತ್ತಿದ್ದವು.

"ಬ್ಲಾಕರ್ ಕಮ್ಮಿ ಹಾಕಿದೀಯ ಕಣೆ. ಮೇಲೆ ಸ್ವಲ್ಪ ಕೊಸರು ಹಾಕು," ಅಂದೆ.

ಕೊಸರು ನನ್ನ ರಕ್ತದಲ್ಲಿದೆ. ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ಕಾಲು ಕೆ.ಜಿ. ಹಸಿಮೆಣಸಿನಕಾಯಿ ಕೊಂಡರೂ ಮೇಲೆ ನಾಲ್ಕು ಹಾಕಿಸಿಕೊಳ್ಳದೆ ನಾನು ಜಾಗ ಬಿಟ್ಟವಳಲ್ಲ. ಅಳತೆ ಅಂಗಡಿಯವನದು, ಕೊಸರು ನಮ್ಮದು ಅಂತ ನಮ್ಮಮ್ಮ ಹೇಳಿಕೊಟ್ಟಿದ್ದು.

"ಬುಕ್ಕಲ್ಲಿ ಬರ್ದಿರೋ ಅಳತೆನೇ ಹಾಕಿದೀನಿ ಅಕ್ಕಾ. ಜ್ಯಾದಾ ಹಾಕಿದ್ರೆ ಸೆಲ್ಸೆಲ್ಲಾ ಎದ್ದು ಹೋಗ್ತವೆ," ಅಂದಳು ಶಬೀನಾ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನ್ ಹೇಳಿದಷ್ಟು ಹಾಕು ಸುಮ್ನೆ."

ಹಾಕಿದಳು. ಡಿಶ್ ಕಾಡಿಗೆಯ ಹಾಗೆ ಕಪ್ಪಾಯಿತು. ನನಗೆ ಹಬ್ಬ. ಚುಕ್ಕಿಯಿದ್ದ ಅವಳ ಹಳೆಯ ಚಿತ್ರಗಳನ್ನು ಲ್ಯಾಬಿನವರೆಲ್ಲರ ಎದುರು ಎತ್ತಿ ಹಿಡಿದು, "ಇದು ಕೆಟ್ಟ ಕೈಯ ಕೆಲಸ, ಬಿಸಾಡು" ಅಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ, ಹಾಗೇ ಆಯಿತು. ಅವತ್ತಿನಿಂದ ಎರಡು ವರ್ಷ ಶಬೀನಾ ನನ್ನ ಹತ್ತಿರ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಡಬ್ಬಿ ಹಂಚಿಕೊಂಡು ಉಣ್ಣುತ್ತಿದ್ದವಳು ಬೇರೆ ಮೇಜಿಗೆ ಹೋದಳು.

ನಮ್ಮ ಲೇಖನ ಒಂದು ವಿಜ್ಞಾನ ಪತ್ರಿಕೆಗೆ ಹೋಯಿತು. ಇಪ್ಪತ್ತೆರಡು ವರ್ಷ ಲೇಖನಗಳ ಕೊನೆಯಲ್ಲಿ 'ಇವರಿಗೂ ಧನ್ಯವಾದ' ಎಂಬ ಸಾಲಿನಲ್ಲಿ ಕೂತಿದ್ದ ನನ್ನ ಹೆಸರು ಮೊದಲ ಸಲ ಎಲ್ಲರಿಗಿಂತ ಮುಂದೆ ಬಂದಿತ್ತು. ಶಬೀನಾಳದು ಮೂರನೆಯದು. ಪತ್ರಿಕೆಯವರು ಚಿತ್ರ ಮಸುಕಾಗಿದೆ, ಇನ್ನೂ ಒಳ್ಳೆಯ ಮೈಕ್ರೋಸ್ಕೋಪಿನಲ್ಲಿ ತೆಗೆದು ಕಳಿಸಿ ಅಂದರು. ಫಿನ್ಲೆಂಡಿನ ತುರ್ಕು ಎಂಬ ಊರಿನಲ್ಲಿ, ನಮ್ಮ ಲ್ಯಾಬಿನ ಮುಖ್ಯಸ್ಥರಾದ ಸರ್‌ಗೆ ಪರಿಚಯದ ಲ್ಯಾಬ್ ಇತ್ತು. ನ್ಯಾಯವಾಗಿ ಹೋಗಬೇಕಾದವಳು ಶಬೀನಾ. "ಯಾರು ಹೋಗ್ತೀರಿ?" ಅಂತ ಸರ್ ಕೇಳಿದಾಗ ಅವಳು ಬಾಯಿ ತೆರೆಯುವ ಮೊದಲೇ ನಾನು, "ಪುಡಿ ನಂದು ಸರ್, ನಾನೇ ಹೋಗ್ತೀನಿ" ಅಂದುಬಿಟ್ಟೆ.

ಹೆಲ್ಸಿಂಕಿ ವಿಮಾನ ನಿಲ್ದಾಣ

ನಲವತ್ತೊಂದಕ್ಕೆ ಬೆಳಕು ಆಗದು. ನಾಲ್ಕು ಪುಟ್ಟ ಶೀಶೆಗಳಿಗೆ ಕಪ್ಪು ಕಾಗದ ಸುತ್ತಿ, ಒಂದು ಸ್ಟೀಲ್ ಡಬ್ಬಿಯಲ್ಲಿ ಹತ್ತಿ ತುಂಬಿ ಇಟ್ಟುಕೊಂಡಿದ್ದೆ. ಪಕ್ಕದಲ್ಲೇ ಅಂಥದ್ದೇ ಇನ್ನೊಂದು ಡಬ್ಬಿಯಲ್ಲಿ ಹುರುಳಿಕಾಳಿನ ಚಟ್ನಿಪುಡಿ. ಸರ್ ಬರೆದುಕೊಟ್ಟ ಪತ್ರ, ರಾಸಾಯನಿಕದ ಕಾಗದಗಳು ಎಲ್ಲ ಕೈಯಲ್ಲೇ ಇದ್ದವು. ಎರಡು ದಿನ ನಿದ್ದೆಗೆಟ್ಟು, ತನಿಖೆಯವರು ಕೇಳಿದರೆ ಹೇಳಬೇಕಾದದ್ದನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದೆ.

ಅಲ್ಲಿನ ಅಧಿಕಾರಿ ಹೆಂಗಸು ಎರಡೂ ಡಬ್ಬಿ ತೆಗೆಸಿದಳು. ಶೀಶೆಗಳ ಕಾಗದ ನೋಡಿ, ಸರಿ ಎಂದು ಮುಚ್ಚಿಟ್ಟಳು. ಚಟ್ನಿಪುಡಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದವಳೇ ಏಳು ಸಲ ಸೀನಿದಳು. ಇನ್ನೊಬ್ಬ ಅಧಿಕಾರಿ ಓಡಿ ಬಂದ. ನಾಲ್ಕು ವರ್ಷ ಜೀವ ತೇಯ್ದು ಮಾಡಿದ ಪುಡಿಯ ಬಗ್ಗೆ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ, ಹುರುಳಿಕಾಳಿಗೆ ಅರ್ಧ ಗಂಟೆ ವಿಚಾರಣೆ. ಕೊನೆಗೆ ಎಲ್ಲರ ಎದುರು ನಾನೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನುಂಗಿ ತೋರಿಸಿದ ಮೇಲೆ ಬಿಟ್ಟರು.

ತುರ್ಕುವಿಗೆ ಎರಡು ಗಂಟೆ ಬಸ್ಸು. ಬಸ್ಸಿನಲ್ಲಿ ಪ್ರತಿ ಜೋಡಿ ಸೀಟಿನಲ್ಲಿ ಒಬ್ಬೊಬ್ಬರೇ ಕಿಟಕಿಗೆ ಅಂಟಿಕೊಂಡು ಕೂತಿದ್ದರು. ಖಾಲಿ ಜೋಡಿ ಸೀಟುಗಳೂ ಇದ್ದವು. ಶಿವಾಜಿನಗರದ ಬಸ್ಸುಗಳಲ್ಲಿ ನೂಕಾಡಿ ಪಳಗಿದ ನಾನು, ಮಾತಿಗೊಬ್ಬರು ಸಿಕ್ಕರೆ ದಾರಿ ಸಾಗುತ್ತದೆ ಅಂತ ಒಬ್ಬ ದೊಡ್ಡ ಮನುಷ್ಯನ ಪಕ್ಕ ಹೋಗಿ ಕೂತೆ. ಆತ ಬೆಚ್ಚಿಬಿದ್ದ. ತನ್ನ ಚೀಲವನ್ನು ತೊಡೆಯ ಮೇಲೆ ಎತ್ತಿಕೊಂಡು ಎರಡು ಗಂಟೆ ಕದಲದೆ ಕೂತಿದ್ದ. ಪಾಪ, ಬೇರೆ ಸೀಟು ಖಾಲಿಯಿರುವಾಗ ಅಲ್ಲಿ ಯಾರೂ ಅಪರಿಚಿತರ ಪಕ್ಕ ಕೂರುವುದಿಲ್ಲ, ಆ ಜೀವಕ್ಕೆ ನಾನು ಕೊಟ್ಟದ್ದು ಹಿಂಸೆ ಅಂತ ನನಗೆ ಗೊತ್ತಾದದ್ದು ಎರಡು ದಿನ ಬಿಟ್ಟು.

ತುರ್ಕು, ಮೊದಲ ದಿನ

ಮೈಕ್ರೋಸ್ಕೋಪ್ ಕೋಣೆಯ ಒಡತಿ ಐಲಾ ಎಂಬಾಕೆ. ಅರವತ್ತರ ಹತ್ತಿರದ ವಯಸ್ಸು, ಬಿಳಿ ಕೂದಲನ್ನು ಹುಡುಗರ ಹಾಗೆ ಕತ್ತರಿಸಿಕೊಂಡಿದ್ದಳು. ಬಾಗಿಲಲ್ಲೇ ಚಪ್ಪಲಿ ಬಿಡಿ ಎಂದು ಕೈ ತೋರಿಸಿದಾಗ ನನಗೆ ಆಕೆಯ ಮೇಲೆ ಪ್ರೀತಿಯೇ ಬಂತು. ಹೊರದೇಶದವರು ಹಾಸಿಗೆಯ ತನಕ ಬೂಟು ಹಾಕಿಕೊಂಡೇ ಹೋಗುತ್ತಾರೆ ಅಂದುಕೊಂಡಿದ್ದೆ. ಇವರು ಆ ಜಾತಿಯಲ್ಲ. ಮನೆಯೊಳಗೆ ಬೂಟು ತಂದರೆ ನಮ್ಮಮ್ಮನ ಹಾಗೇ ಮುಖ ಗಂಟಿಕ್ಕುತ್ತಾರೆ.

ಆಕೆಗೂ ನನಗೂ ಮಾತು ಇಂಗ್ಲಿಷಿನಲ್ಲಿ. ಇಬ್ಬರದೂ ಹರಕು ಇಂಗ್ಲಿಷ್, ಹಾಗಾಗಿ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಆಕೆಯ 'ಹೂಂ'ನಿಂದ. ಆ ಕಡೆಯವರು ಹೂಂ ಅನ್ನುವಾಗ ಉಸಿರನ್ನು ಹೊರಕ್ಕೆ ಬಿಡದೆ ಒಳಕ್ಕೆ ಎಳೆದುಕೊಳ್ಳುತ್ತಾರೆ. 'ಯೋ' ಅಂತ ಒಂದು ಸದ್ದು, ಕೈ ಸುಟ್ಟುಕೊಂಡಾಗ ನಾವು ಎಳೆದುಕೊಳ್ಳುತ್ತೇವಲ್ಲ, ಹಾಗೆ. ನಾನು ಶೀಶೆ ತೆಗೆದೆ, ಆಕೆ ಉಸಿರೆಳೆದಳು. ಅಯ್ಯೋ ಏನೋ ಒಡೆಯಿತು ಅಂತ ನಾನು ಎದೆ ಹಿಡಿದುಕೊಂಡೆ. ಇದನ್ನು ಫ್ರಿಜ್ಜಿನಲ್ಲಿ ಇಡಲೇ ಅಂದೆ, ಮತ್ತೆ ಉಸಿರೆಳೆದಳು. ಫ್ರಿಜ್ಜಿಗೆ ಏನಾಯಿತೋ ಎಂದು ತಿರುಗಿ ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಇನ್ನೊಬ್ಬರು ಬಿಡಿಸಿ ಹೇಳುವ ತನಕ, ನಾನು ಮುಟ್ಟಿದ್ದೆಲ್ಲ ಆಕೆಗೆ ನೋವು ಕೊಡುತ್ತಿದೆ ಅಂತಲೇ ನಂಬಿದ್ದೆ.

ಐಲಾಳ ಕೋಣೆಗೆ ಒಂದು ಕಟ್ಟಳೆ ಇತ್ತು. ಬಂದವರು ಯಾರೇ ಆಗಲಿ, ಪ್ರೋಬನ್ನು ಹೊಳೆಯುವಂತೆ ಮಾಡುವ ಹೊಳಪಿನ ದೀಪ ಹಚ್ಚುವ ಮೊದಲು, ಮಾಮೂಲಿ ಬೆಳಕಿನಲ್ಲಿ ಡಿಶ್ ನೋಡಿ, ಕಂಡ ಕೋಶಗಳನ್ನು ಪೆನ್ಸಿಲಿನಲ್ಲಿ ಬರೆಯಬೇಕು. ಮೇಜಿಗೆ ದಾರದಲ್ಲಿ ಕಟ್ಟಿದ ಪೆನ್ಸಿಲ್, ಪಕ್ಕದಲ್ಲಿ ಬಿಳಿ ಕಾಗದದ ಕಟ್ಟು. ಬರೆದು ಸಹಿ ಮಾಡಿದ ಮೇಲೆಯೇ ಕತ್ತಲು.

ನನಗೆ ರೇಗಿತು. ನಮ್ಮಲ್ಲಿ ಮೈಕ್ರೋಸ್ಕೋಪ್ ಬೇರೆ ಸಂಸ್ಥೆಯದು, ವಾರಕ್ಕೆ ಒಂದು ಗಂಟೆ ಸಿಗುವುದು. ಓಡಿ ಹೋಗಿ ಕೂರುವುದು, ಕೋಣೆ ಕತ್ತಲು ಮಾಡುವುದು, ಹೊಳಪು ಹಿಡಿಯುವುದು, ಓಡಿ ಬರುವುದು. ಸಾಲಿನಲ್ಲಿ ಹಿಂದಿನವರು ಬಾಗಿಲು ಬಡಿಯುತ್ತಿರುತ್ತಾರೆ. ಚಿತ್ರ ಬರೆಯುತ್ತಾ ಕೂತರೆ ಆದ ಹಾಗೇ.

"ಕಂಪ್ಯೂಟರೇ ಚಿತ್ರ ತೆಗೆಯುತ್ತದಲ್ಲ, ನಾನೇಕೆ ಬರೆಯಬೇಕು?" ಅಂದೆ.

"ದೀಪ ಹಚ್ಚಿದ ಮೇಲೆ ಕಣ್ಣು ದೀಪವನ್ನೇ ನೋಡುತ್ತದೆ. ಅದಕ್ಕೆ ಮೊದಲೇ ಒಮ್ಮೆ ನೋಡಿಕೊಳ್ಳಬೇಕು," ಅಂದಳು ಐಲಾ. ಆಮೇಲೆ ಕಾಫಿಗೆ ಕರೆದಳು. ಅಲ್ಲಿ ದಿನಕ್ಕೆ ನಾಲ್ಕು ಸಲ ಕಾಫಿ. ಎಲ್ಲರೂ ಸುತ್ತ ಕೂತು, ಯಾರೂ ಒಂದು ಮಾತೂ ಆಡದೆ ಕುಡಿದು, ಲೋಟ ತೊಳೆದು ಎದ್ದು ಹೋಗುತ್ತಾರೆ. ಯಾರಾದರೂ ಸತ್ತಿದ್ದಾರೇನೋ ಅಂತ ನಾನು ಎರಡು ದಿನ ಸುಮ್ಮನೆ ತಲೆ ತಗ್ಗಿಸಿಕೊಂಡು ಕೂತಿದ್ದೆ.

ತುರ್ಕು ಮಾರುಕಟ್ಟೆ

ಅದು ಜೂನ್ ತಿಂಗಳು. ಹೊತ್ತು ಮುಳುಗುವುದೇ ಇಲ್ಲ ಅನ್ನಬಹುದು. ಊಟ ಮುಗಿಸಿ ಕಿಟಕಿ ನೋಡಿದರೆ ನಮ್ಮ ಸಂಜೆ ನಾಲ್ಕರ ಬಿಸಿಲು. ಕಿಟಕಿಗೆ ನನ್ನ ಎರಡು ಸೀರೆ ಕಟ್ಟಿ ಮಲಗಬೇಕಾಯಿತು. ಈ ಊರಿನಲ್ಲಿ ನಿಜವಾದ ಕತ್ತಲು ಇರುವುದು ಐಲಾಳ ಕೋಣೆಯಲ್ಲಿ ಮಾತ್ರ ಅಂತ ನಗುತ್ತಿದ್ದೆ.

ಎರಡನೆಯ ದಿನ ಸಂಜೆ ಮಾರುಕಟ್ಟೆಗೆ ಹೋದೆ. ಅಲ್ಲಿ ಹಸಿ ಬಟಾಣಿಯನ್ನು ತೂಕ ಮಾಡುವುದಿಲ್ಲ, ಲೀಟರಿನ ತಗಡಿನ ಮಾಪಿನಲ್ಲಿ ಅಳೆಯುತ್ತಾರೆ. ನನಗೆ ನಮ್ಮ ಸೇರು, ಪಾವು ನೆನಪಾಗಿ ಕಣ್ಣೇ ತುಂಬಿತು. ಜನ ಅದನ್ನು ಕೊಂಡು, ನಾವು ಕಡಲೆಕಾಯಿ ತಿನ್ನುವ ಹಾಗೆ ಸುಲಿದು ಹಸಿಯಾಗಿಯೇ ತಿನ್ನುತ್ತಾ ನದಿಯ ದಂಡೆಯಲ್ಲಿ ಕೂತಿರುತ್ತಾರೆ.

ನಾನೂ ಒಂದು ಲೀಟರ್ ಕೇಳಿದೆ. ಮಾರುವ ಹೆಂಗಸು ಮಾಪು ತುಂಬಿ, ಅಂಗೈಯಿಂದ ಸವರಿ ಸಮ ಮಾಡಿ, ಚೀಲಕ್ಕೆ ಸುರಿದಳು. ನಾನು ಚೀಲ ತೆರೆದುಕೊಂಡೇ ನಿಂತೆ. ಆಕೆ ನನ್ನ ಮುಖ ನೋಡಿದಳು. ನಾನು ಬಟಾಣಿ ರಾಶಿಯನ್ನೂ ನನ್ನ ಚೀಲವನ್ನೂ ತೋರಿಸಿ, ಬೆರಳು ಕೂಡಿಸಿ, ಇಷ್ಟೇ ಇಷ್ಟು ಅಂದೆ. ಆಕೆ ಗಾಬರಿಯಾಗಿ, ತಾನು ಕಡಿಮೆ ಅಳೆದೆನೇನೋ ಅಂದುಕೊಂಡು, ಚೀಲ ಕಿತ್ತುಕೊಂಡು ಎಲ್ಲವನ್ನೂ ಮಾಪಿಗೆ ವಾಪಸು ಹಾಕಿ ತೋರಿಸಿದಳು. ಸರಿಯಾಗಿ ಅಂಚಿನ ತನಕ. ಒಂದು ಕಾಯಿ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ನನ್ನ ಹಿಂದೆ ಒಬ್ಬರಿಗೊಬ್ಬರು ಒಂದು ಮಾರು ದೂರ ನಿಂತಿದ್ದ ಸಾಲು ತುಟಿಪಿಟಕ್ಕೆನ್ನದೆ ನೋಡುತ್ತಿತ್ತು. ನಾಚಿಕೆಯಾಗಿ ಚೀಲ ತೆಗೆದುಕೊಂಡು ಬಂದೆ. ಕೊಸರು ಕೊಡದ ಊರು, ಇದೆಂಥ ಊರು ಅಂತ ಬೈದುಕೊಂಡೇ ತಿಂದೆ. ಬಟಾಣಿ ಮಾತ್ರ ಸಕ್ಕರೆ.

ಮೂರನೆಯ ದಿನ

ಐಲಾ ಸಾಕಿಟ್ಟಿದ್ದ ಕೋಶಗಳಿಗೆ ಬೆಳಿಗ್ಗೆಯೇ ಎರಡು ಡಿಶ್ ಸಿದ್ಧ ಮಾಡಿದೆ. ಒಂದಕ್ಕೆ ಬರೀ ನಲವತ್ತೊಂದು. ಇನ್ನೊಂದಕ್ಕೆ ಮೊದಲು ಬ್ಲಾಕರ್, ನನ್ನ ಅಳತೆಯಲ್ಲಿ, ಕೊಸರು ಸಮೇತ. ಆಮೇಲೆ ತೊಳೆದು ನಲವತ್ತೊಂದು.

ಮೊದಲ ಡಿಶ್ ನೋಡಿ ಪೆನ್ಸಿಲ್ ಹಿಡಿದೆ. ಕಾವಲಿಯ ಮೇಲೆ ಚೆಲ್ಲಿದ ದೋಸೆಹಿಟ್ಟಿನ ಹಾಗೆ ಕೋಶಗಳು ಅಗಲವಾಗಿ ಅಂಟಿಕೊಂಡಿದ್ದವು. ಬರೆದೆ, ಸಹಿ ಹಾಕಿದೆ. ಕತ್ತಲು ಮಾಡಿ ಹೊಳಪಿನ ದೀಪ ಹಚ್ಚಿದಳು ಐಲಾ. ಅಬ್ಬಾ! ಅಂಥ ಹಸಿರನ್ನು ನಾನು ಹುಟ್ಟಿದಂದಿನಿಂದ ಕಂಡಿರಲಿಲ್ಲ. ನಮ್ಮ ಗಂಟೆ ಲೆಕ್ಕದ ಮೈಕ್ರೋಸ್ಕೋಪಿನಲ್ಲಿ ಬರೀ ಮಬ್ಬಾಗಿ ಕಂಡದ್ದು ಇಲ್ಲಿ ಎಳೆಎಳೆಯಾಗಿ ಕಾಣುತ್ತಿತ್ತು. ನಾನು ಮಾಡಿದ್ದು, ನನ್ನ ಕೈಯಿಂದ ಆದದ್ದು ಅನ್ನಿಸಿ ಕಣ್ಣೀರು ಬಂತು. ಐಲಾ ಒಳಕ್ಕೆ ಉಸಿರೆಳೆದು 'ಯೋ' ಅಂದಳು.

ಎರಡನೆಯ ಡಿಶ್ ಇಟ್ಟೆ. ಮಾಮೂಲಿ ಬೆಳಕು. ಪೆನ್ಸಿಲ್ ಹಿಡಿದು ನೋಡಿದರೆ ಬರೆಯಲು ಏನೂ ಇಲ್ಲ.

ಫೋಕಸ್ ಸರಿಯಿಲ್ಲ ಅಂದುಕೊಂಡು ತಿರುಗಿಸಿದೆ. ಡಿಶ್ ಆಚೀಚೆ ಸರಿಸಿದೆ. "ನಿಮ್ಮ ಮೈಕ್ರೋಸ್ಕೋಪಿನಲ್ಲಿ ಏನೋ ದೋಷ ಇದೆ," ಅಂದೆ. ಐಲಾ ಬಂದು ಕೂತು, ಡಿಶ್‌ನ ಒಂದು ಅಂಚಿನಿಂದ ಇನ್ನೊಂದು ಅಂಚಿನ ತನಕ ನಿಧಾನವಾಗಿ ಹುಡುಕಿದಳು. ಅಂಚಿನಲ್ಲಿ ಮುದುಡಿ ಉಂಡೆಯಾದ ಮೂರು ಕೋಶಗಳು ನೀರಿನಲ್ಲಿ ತೇಲುತ್ತಿದ್ದವು. ಉಳಿದವು ಸತ್ತು, ಗಾಜು ಬಿಟ್ಟು ಎದ್ದು, ನಾನು ತೊಳೆದ ನೀರಿನ ಜೊತೆ ಹೋಗಿದ್ದವು.

ಆಕೆ ನನ್ನ ಬಿಳಿ ಕಾಗದವನ್ನು ನನ್ನ ಕಡೆಗೆ ಸರಿಸಿ, "ಸಹಿ ಮಾಡಿ," ಅಂದಳು.

ಖಾಲಿ ಕಾಗದಕ್ಕೆ ಸಹಿ ಹಾಕಿದೆ. ದೀಪ ಹಚ್ಚಿ ನೋಡುವ ಅಗತ್ಯವೇ ಇರಲಿಲ್ಲ. ಕಪ್ಪಾಗಿಯೇ ಇರುತ್ತದೆ. ಕೋಶವೇ ಇಲ್ಲದ ಕಡೆ ಹೊಳೆಯುವುದಕ್ಕೆ ಏನಿದೆ? ಎರಡು ವರ್ಷದಿಂದ ಪುಡಿಯ ಹೆಗ್ಗಳಿಕೆ ಅಂತ ನಾನು ಊರಿಗೆಲ್ಲ ತೋರಿಸಿದ ಕತ್ತಲು, ಖಾಲಿ ತಟ್ಟೆಯ ಕತ್ತಲು. 'ಸೆಲ್ಸೆಲ್ಲಾ ಎದ್ದು ಹೋಗ್ತವೆ ಅಕ್ಕಾ' ಎಂದ ಶಬೀನಾಳ ದನಿ ಕಿವಿಯಲ್ಲೇ ಕೇಳಿದ ಹಾಗಾಯಿತು. ಅವಳು ಹೇಳಿದ್ದಳು. ಬಿಡಿಸಿ ಬಿಡಿಸಿ ಹೇಳಿದ್ದಳು. ನೆಲ ಡೊಂಕು ಅಂದದ್ದು ಅವಳಲ್ಲ, ನಾನು.

ನಂಬಲಾರದೆ ಇನ್ನೂ ಮೂರು ಡಿಶ್ ಮಾಡಿದೆ. ಮೂರೂ ಖಾಲಿ. ಮೂರು ಬಿಳಿ ಕಾಗದಕ್ಕೂ ಸಹಿ ಹಾಕಿದೆ.

ನದಿಯ ದಂಡೆ

ಆ ಸಂಜೆ ಸರ್ ಫೋನ್ ಮಾಡಿದರು. ನಾನು ನದಿಯ ದಂಡೆಯ ಬೆಂಚಿನಲ್ಲಿ ಕೂತಿದ್ದೆ.

"ಯಶೋಧಾ ಅವ್ರೇ, ಹೊಳೆಯೋ ಫೋಟೋ ಬಂತಾ?"

"ತುಂಬಾ ಚೆನ್ನಾಗಿ ಬಂದಿದೆ ಸರ್."

"ಸೂಪರ್! ಅದನ್ನ ಕಳ್ಸಿಬಿಡಿ. ಕಪ್ಪು ಫೋಟೋ ಹೆಂಗೂ ಇದೆ. ಕಪ್ಪು ಎಲ್ಲಿ ತೆಗೆದ್ರೂ ಕಪ್ಪೇ ತಾನೆ?"

"ಸರ್, ಆ ಕಪ್ಪಲ್ಲಿ ಸೆಲ್ಸೇ ಇಲ್ಲ." ನಡೆದದ್ದನ್ನೆಲ್ಲ ಹೇಳಿದೆ.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ನೋಡಿ, ಪತ್ರಿಕೆಯವ್ರು ಕಪ್ಪು ಫೋಟೋ ಬಗ್ಗೆ ಏನೂ ಕೇಳಿಲ್ಲ. ನಾವಾಗೇ ಹೇಳಿದ್ರೆ ಪೇಪರ್ ವಾಪಸ್ ಬರುತ್ತೆ. ಫಸ್ಟ್ ನೇಮ್ ನಿಮ್ದು. ಯೋಚ್ನೆ ಮಾಡಿ," ಅಂದರು.

ಅವರು ಕೆಟ್ಟವರಲ್ಲ. ಅವರ ವರ್ಷಗಳೂ ಇದರಲ್ಲಿ ಹೋಗಿವೆ. ನಾನು ಯೋಚನೆ ಮಾಡಿದೆ ಕೂಡ, ಸುಳ್ಳು ಯಾಕೆ ಹೇಳಲಿ. ಯಾರಿಗೂ ಗೊತ್ತಾಗುವುದಿಲ್ಲ. ಐಲಾ ಬೆಂಗಳೂರಿಗೆ ಬಂದು ಹೇಳುವುದಿಲ್ಲ. ನಮ್ಮ ಹಳ್ಳಿ ಕೆ.ಆರ್. ಪುರದಾಚೆ. ಅಲ್ಲಿ ಬುದ್ಧನ ಪಟದ ಕೆಳಗೆ ನಮ್ಮಪ್ಪ ನನ್ನ ಎಂ.ಎಸ್ಸಿ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ಅದರ ಪಕ್ಕ ಮೊದಲ ಹೆಸರಿನ ಆ ಲೇಖನವನ್ನು ತೂಗುಹಾಕಬೇಕು ಅಂತ ಮೊಳೆ ಕೂಡ ಹೊಡೆದಿಟ್ಟಿದ್ದಾರೆ. ಆ ಮೊಳೆ ಕಣ್ಣ ಮುಂದೆ ಬಂತು. ಬೆಂಚಿನ ಮೇಲೆ ಕೂತು ಅತ್ತೆ. ಆ ಊರಿನ ಜನ ಎಷ್ಟು ಒಳ್ಳೆಯವರು ಅಂದರೆ ಒಬ್ಬರೂ ತಿರುಗಿ ನೋಡಲಿಲ್ಲ.

ಎದ್ದು ಹೊರಡುವಾಗ ಸರ್‌ಗೆ ಬರೆದೆ: "ಮೊದಲ ಹೆಸರು ನನ್ನದಾದರೆ ಖಾಲಿ ಡಿಶ್ಶೂ ನನ್ನದೇ ಸರ್. ಆ ಕಪ್ಪು ಫೋಟೋ ಕಳಿಸಬೇಡಿ. ನನಗೆ ಇನ್ನೂ ನಾಲ್ಕು ದಿನ ಇದೆ." ಬೆಳಿಗ್ಗೆ ಅವರ ಉತ್ತರ ಬಂದಿತ್ತು: "ಸರಿ. ನೀಟಾಗಿ ಮಾಡ್ಕೊಂಡು ಬನ್ನಿ." ಅದರಲ್ಲಿ ಸಿಟ್ಟು ಇತ್ತು, ಆದರೆ ಸರಿ ಅನ್ನುವುದೂ ಇತ್ತು.

ಆರನೆಯ ದಿನ

ಹೊಸ ಕೋಶಗಳು ಡಿಶ್‌ನಲ್ಲಿ ಬೆಳೆಯಲು ಎರಡು ದಿನ ಹಿಡಿಯಿತು. ಈ ಸಲ ಬ್ಲಾಕರ್ ಪುಸ್ತಕದ ಅಳತೆಯಲ್ಲಿ. ಕೈ ತಡೆಯಲಿಲ್ಲ, ಒಂದು ತೊಟ್ಟು ಮೇಲೆ ಹಾಕಲು ಹೋಯಿತು. ನಾನೇ ನನ್ನ ಕೈ ಮೇಲೆ ಹೊಡೆದುಕೊಂಡೆ. ಅತಿಯಾದರೆ ಅಮೃತವೂ ವಿಷ ಅಂತ ಬಾಯಲ್ಲಿ ಹೇಳುತ್ತಾ ಬೆಳೆದವಳು, ವಿಷವನ್ನೇ ಅತಿಯಾಗಿ ಹಾಕಿಕೊಂಡು ಬಂದಿದ್ದೆ.

ಕೋಶಗಳು ಜಾಗ ಬಿಟ್ಟು ಕದಲಿರಲಿಲ್ಲ. ಹದಿನಾಲ್ಕನ್ನು ಬರೆದೆ. ಐಲಾ ದೀಪ ಹಚ್ಚಿದಳು. ಕತ್ತಲು. ಕೋಶಗಳ ಮೈಯೆಲ್ಲ ಕತ್ತಲು. ನಲವತ್ತೊಂದು ಸುಳ್ಳಲ್ಲ! ಥಯೋಲ್ ಕಟ್ಟಿಹಾಕಿದರೆ ಅದು ನಿಜವಾಗಿಯೂ ಹೊಳೆಯುವುದಿಲ್ಲ. ಕುಣಿಯಬೇಕು ಅನ್ನಿಸಿತು.

ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಕಂಡವು, ಅಲ್ಲಲ್ಲಿ ಸಣ್ಣ ಹಸಿರು ಚುಕ್ಕಿಗಳು.

ಶಬೀನಾಳ ಚುಕ್ಕಿಗಳು. ಅಷ್ಟೇ ಗಾತ್ರ, ಅದೇ ಮಿನುಗು. ನಾನು 'ಕೆಟ್ಟ ಕೈಯ ಕೆಲಸ' ಎಂದದ್ದು. ಐಲಾ ಕೊಬ್ಬನ್ನು ಮಾತ್ರ ಕೆಂಪಾಗಿಸುವ ಬಣ್ಣವೊಂದನ್ನು ಹಾಕಿದಳು. ಹಸಿರು ಚುಕ್ಕಿ ಇದ್ದ ಕಡೆಯೆಲ್ಲ ಕೆಂಪು ಬಂತು. ಅಂದರೆ ಕೋಶದೊಳಗಿನ ಕೊಬ್ಬಿನ ಹನಿಗಳಿಗೆ ಹೊಕ್ಕಾಗ ನಲವತ್ತೊಂದು ಮುಚ್ಚಳ ಇದ್ದರೂ ಚೂರು ಮಿನುಗುತ್ತದೆ. ಅದು ಪುಡಿಯ ಒಂದು ಸಣ್ಣ ಐಬು, ಲೇಖನದಲ್ಲಿ ಹೇಳಲೇಬೇಕಾದದ್ದು. ಶಬೀನಾ ಎರಡು ವರ್ಷದ ಹಿಂದೆಯೇ, ಮಸುಕು ಮೈಕ್ರೋಸ್ಕೋಪಿನಲ್ಲಿ, ವಾರಕ್ಕೊಂದು ಗಂಟೆಯಲ್ಲಿ ಅದನ್ನು ಸರಿಯಾಗಿ ತೋರಿಸಿದ್ದಳು. ಅವಳ ಕೈ ನನ್ನ ಕೈಗಿಂತ ಚೆನ್ನಾಗಿತ್ತು.

"ಇದನ್ನು ನಮ್ಮ ಲ್ಯಾಬಿನಲ್ಲಿ ಮೊದಲೇ ಒಬ್ಬಳು ನೋಡಿದ್ದಳು," ಅಂದೆ ಐಲಾಳಿಗೆ.

"ಮತ್ತೆ ಅವಳು ಯಾಕೆ ಬರಲಿಲ್ಲ?" ಅಂತ ಕೇಳಿದಳು ಐಲಾ, ಸಹಜವಾಗಿ. ನಾನು ಮೈಕ್ರೋಸ್ಕೋಪಿನ ಕಡೆಗೆ ತಿರುಗಿ ಮುಂದಿನ ಡಿಶ್ ಇಟ್ಟೆ.

ಮರುದಿನ ಅವರ ನಡುಬೇಸಗೆಯ ಹಬ್ಬ. ಊರಿಗೆ ಊರೇ ಕೆರೆದಂಡೆಯ ಮನೆಗಳಿಗೆ ಹೊರಟುಹೋಗಿ ತುರ್ಕು ಭಣಗುಡುತ್ತಿತ್ತು. ಅಂಗಡಿಗಳೂ ಮುಚ್ಚಿದ್ದವು. ನನ್ನ ಊಟ ಹುರುಳಿಕಾಳಿನ ಚಟ್ನಿಪುಡಿ ಮತ್ತು ಬ್ರೆಡ್ಡು. ಖಾಲಿ ರಸ್ತೆಗಳಲ್ಲಿ ಆ ಮುಗಿಯದ ಬೆಳಕಿನಲ್ಲಿ ನಡೆಯುತ್ತಾ ಶಬೀನಾಳಿಗೆ ಏನು ಹೇಳುವುದು ಅಂತ ಗಟ್ಟಿಯಾಗಿಯೇ ಅಭ್ಯಾಸ ಮಾಡಿದೆ.

ಶಿವಾಜಿನಗರ

ಬಂದ ಮೊದಲ ಭಾನುವಾರ, ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿರುವ ಶಬೀನಾಳ ಮನೆಗೆ ಹೋದೆ. ಎರಡು ವರ್ಷದಿಂದ ಹೋಗಿರಲಿಲ್ಲ. ಬಾಗಿಲು ತೆರೆದವಳು, "ಬನ್ನಿ ಅಕ್ಕಾ," ಅಂದಳು, ನಗಲಿಲ್ಲ. ಚಹಾ, ದಿಲ್‌ಪಸಂದ್ ತಂದಿಟ್ಟಳು. ನಾನು ತಂದಿದ್ದ ಅಲ್ಲಿಯ ಕರಿ ಮಿಠಾಯಿ ಕೊಟ್ಟೆ. ಬಾಯಿಗೆ ಹಾಕಿಕೊಂಡವಳು ಮುಖ ಕಿವುಚಿದಳು.

"ಏನಕ್ಕಾ ಇದು, ಉಪ್ಪು! ಲ್ಯಾಬಿಂದ ತಂದ್ರಾ?"

"ಅಲ್ಲಿಯವ್ರು ಇಷ್ಟಪಟ್ಟು ತಿಂತಾರೆ ಕಣೆ."

ನಕ್ಕಳು. ಆ ನಗು ಆರುವ ಮೊದಲೇ ಹೇಳಿಬಿಡಬೇಕು ಅಂತ, ಅಭ್ಯಾಸ ಮಾಡಿದ್ದನ್ನೆಲ್ಲ ಮರೆತು, ಸಹಿ ಮಾಡಿದ ಬಿಳಿ ಕಾಗದಗಳನ್ನೂ ಚುಕ್ಕಿಯ ಚಿತ್ರವನ್ನೂ ಅವಳ ಮುಂದೆ ಇಟ್ಟೆ. "ನೀನ್ ಹೇಳಿದ್ದೇ ಸರಿ. ಸೆಲ್ಸೆಲ್ಲಾ ಎದ್ದು ಹೋಗಿದ್ವು. ಎಲ್ರ ಮುಂದೆ ಅವಮಾನ ಮಾಡ್ದೆ, ನಿನ್ನ ಪ್ರಯಾಣನೂ ಕಿತ್ಕೊಂಡೆ. ತಪ್ಪಾಯ್ತು ಶಬೀನಾ," ಅಂದೆ.

ಅವಳು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಎದ್ದು ಒಳಗೆ ಹೋಗಿ ಹಳೆಯ ಫೈಲೊಂದನ್ನು ತಂದಳು. ಅದರಲ್ಲಿ ಅವಳ ಆ ಚಿತ್ರಗಳಿದ್ದವು, ಒಂದೂ ಬಿಡದೆ.

"ಬಿಸಾಡು ಅಂದ್ರಿ. ಬಿಸಾಡ್ಲಿಲ್ಲ," ಅಂದಳು. "ದಿನಾ ರಾತ್ರಿ ನನ್ನ ಕೈನೇ ನೋಡ್ಕೊತಿದ್ದೆ ಅಕ್ಕಾ. ನಂಗೇ ಡೌಟ್ ಬಂದ್ಬಿಟ್ಟಿತ್ತು."

ನನಗೆ ಅವಳ ಮುಖ ನೋಡಲಾಗಲಿಲ್ಲ. "ಪತ್ರಿಕೆಯವ್ರಿಗೆ ಸರ್ ಇದ್ದದ್ದು ಇದ್ದ ಹಾಗೆ ಬರೆದ್ರು, ಅವ್ರು ಪೇಪರ್ ವಾಪಸ್ ಕಳ್ಸಿದಾರೆ. ಬೇರೆ ಕಡೆ ಹೊಸ್ದಾಗಿ ಬರೀಬೇಕು. ನಿನ್ನ ಹಳೇ ಫೋಟೋಗಳೂ ಅದರಲ್ಲಿರ್ತವೆ. ಸರ್ ಹತ್ರ ಮಾತಾಡಿದೀನಿ, ಮೊದಲನೇ ಹೆಸರು ನಿಂದೇ ಹಾಕೋದು. ಒಪ್ಪಿದಾರೆ," ಅಂದೆ. ನಮ್ಮಪ್ಪನ ಮೊಳೆ ಎದೆಗೇ ಹೊಡೆದ ಹಾಗಿತ್ತು.

ಶಬೀನಾ ನನ್ನ ಲೋಟಕ್ಕೆ ಇನ್ನಷ್ಟು ಬಿಸಿ ಚಹಾ ಬಗ್ಗಿಸಿದಳು.

"ಪುಡಿ ಯಾರ್ದು?"

"ನಂದು."

"ಫೋಟೋ?"

"ನಿಂದು."

"ಮತ್ತೆ? ಈಗ ನಂಗೆ ಕೊಸರು ಹಾಕ್ತಿದೀರಲ್ಲ ಅಕ್ಕಾ," ಅಂದಳು. "ಬೇಡ. ಸರಿಯಾಗಿ ಅಳೀರಿ. ಇಬ್ರ ಹೆಸರೂ ಮುಂದೆ, ಸಮ ಸಮ ಅಂತ ಕೆಳಗೆ ಬರೀರಿ. ಹಂಗೂ ಹಾಕ್ತಾರೆ, ನಾನ್ ನೋಡಿದೀನಿ."

ಲೋಟ ಎತ್ತಿ ಒಂದು ಗುಟುಕು ಕುಡಿದೆ. ಉಸಿರು ಒಳಕ್ಕೆ ಎಳೆದುಕೊಂಡೆ.

"ಏನಾಯ್ತಕ್ಕಾ? ಚಹಾ ಬಿಸಿ ಇತ್ತಾ?" ಅಂತ ಗಾಬರಿಯಾದಳು ಶಬೀನಾ.

"ಇಲ್ಲ ಕಣೆ," ಅಂದೆ. "ಅಲ್ಲಿ ಹೂಂ ಅನ್ನೋದು ಹಿಂಗೇನೇ."